ಗೆರೆಯಲ್ಲಿ ಕಂಡ ವಿಜಯಪುರ



ವಸ್ತುಸಂಗ್ರಹಾಲಯವನ್ನು ನೋಡಿಕೊಂಡು ಹೊರಗೆ ಬರುವವರನ್ನು ಬಾಗಿಲಲ್ಲಿಯೇ ನಿಲ್ಲಿಸಿ, "ಒಳಗೆ ಏನನ್ನು ಕಂಡಿರಿ?" ಎಂದು ಕೇಳಿದರೆ ಬರುವ ಉತ್ತರ ಬಹುಮಟ್ಟಿಗೆ ಒಂದೇ: "ವಿಗ್ರಹಗಳಿವೆ, ಕತ್ತಿಗಳಿವೆ, ಹಳೆಯ ಬರಹಗಳಿವೆ, ಎಲ್ಲವೂ ಚೆನ್ನಾಗಿದೆ." ಆ ವಿಗ್ರಹದ ಬಲಗೈ ಮೇಲಕ್ಕೆತ್ತಿತ್ತೋ ಕೆಳಕ್ಕಿಳಿದಿತ್ತೋ, ಆ ಕತ್ತಿ ನೇರವಾದುದೋ ಬಾಗಿದುದೋ ಎಂದು ಮರುಪ್ರಶ್ನೆ ಹಾಕಿದರೆ ಮೌನವೇ ಉತ್ತರ. ಇದನ್ನು ಹೇಳುವುದರಲ್ಲಿ ಯಾರನ್ನೂ ಹಳಿಯುವ ಉದ್ದೇಶ ನಮ್ಮದಲ್ಲ. ನಾವೂ ಅನೇಕ ವರ್ಷ ಹೀಗೆಯೇ ನೋಡಿದವರು. ಒಂದು ಗಂಟೆಯಲ್ಲಿ ಒಂದು ಸಾವಿರ ವರ್ಷವನ್ನು ದಾಟಿ, ಹೊರಗೆ ಬಂದು ಎಳನೀರು ಕುಡಿದು, ಬಂಡಿ ಹತ್ತಿದವರು. ಕಣ್ಣು ನೋಡಿತ್ತು, ನಾವು ನೋಡಿರಲಿಲ್ಲ.

ಈ ಕುರುಡನ್ನು ಕಳೆಯುವ ಒಂದು ಅಗ್ಗದ ಉಪಾಯವನ್ನು ಕುರಿತು ಈ ಹೊತ್ತು ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇವೆ. ಉಪಾಯವಿಷ್ಟೆ: ನೋಡಿದ ವಸ್ತುವಿನ ಮುಖ್ಯವಾದ ಹೊರಗೆರೆಯನ್ನು, ನಮ್ಮ ಕೈಯಿಂದಲೇ ಮಾಡಿಕೊಂಡ ಸಾಧನಗಳಿಂದ, ಒಂದು ಹಾಳೆಯ ಮೇಲೆ ತೆಗೆಯುವುದು. ಚಿತ್ರಕಾರರಾಗಬೇಕೆಂದು ಇದನ್ನು ಹೇಳುತ್ತಿಲ್ಲ. ಹಾಡಲು ಬಾರದವನೂ ತಾಳ ಹಾಕಬಹುದು. ತಾಳ ಹಾಕಿದವನ ಕಿವಿ ಹಾಕದವನ ಕಿವಿಗಿಂತ ಹೆಚ್ಚು ಎಚ್ಚರವಾಗಿರುವುದು. ಗೆರೆ ತೆಗೆಯುವುದು ಕಣ್ಣಿಗೆ ತಾಳ ಹಾಕಿದಂತೆ. ನಮ್ಮ ಪ್ರಾಚೀನರಿಗೂ ಈ ವಿಷಯ ತಿಳಿದಿತ್ತು. ಚಿತ್ರದಲ್ಲಿ ಬಣ್ಣವನ್ನು ಮೆಚ್ಚುವವರು ಬಹುಮಂದಿ, ರೇಖೆಯನ್ನು ಮೆಚ್ಚುವವರು ಆಚಾರ್ಯರು ಎಂಬ ಅಭಿಪ್ರಾಯ ವಿಷ್ಣುಧರ್ಮೋತ್ತರದ ಚಿತ್ರಸೂತ್ರದಲ್ಲಿಯೇ ಉಂಟು.

ಹಿಂದಿನ ಚಳಿಗಾಲದಲ್ಲಿ ನಾವು ಕೆಲವು ದಿನ ವಿಜಯಪುರದಲ್ಲಿ ತಂಗಿದ್ದೆವು. 2014ರವರೆಗೆ ಬಿಜಾಪುರವೆಂದು ಕಾಗದಪತ್ರಗಳಲ್ಲಿ ನಡೆದ ಊರು ಅದು. ಅಲ್ಲಿಗೆ ಹೋದವರೆಲ್ಲ ಮೊದಲು ನೋಡುವುದು ಗೋಳಗುಮ್ಮಟವನ್ನು. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲಶಾಹನ ಸಮಾಧಿಮಂದಿರವದು. ಒಳಗಿನಿಂದ ಅಳೆದರೆ ಗುಮ್ಮಟದ ಅಡ್ಡಳತೆ ಸುಮಾರು 124 ಅಡಿ. ಮೇಲೇರಿ, ಪಿಸುಮಾತಿನ ಮೊಗಸಾಲೆಯಲ್ಲಿ ತಮ್ಮ ಹೆಸರನ್ನು ತಾವೇ ಕೂಗಿ, ಮರುದನಿ ಕೇಳಿ, ಕೆಳಗಿಳಿದು ಹೋಗುವವರೇ ಹೆಚ್ಚು. ಆ ಗುಮ್ಮಟದ ಮುಂದೆ ನಗಾರಿಖಾನೆಯೆಂಬ ಕಟ್ಟಡವಿದೆ. ಹಿಂದೆ ನೌಬತ್ತು ಮೊಳಗುತ್ತಿದ್ದ ಆ ಕಟ್ಟಡವೇ ಇಂದಿನ ವಸ್ತುಸಂಗ್ರಹಾಲಯ. 1892ರಲ್ಲಿ ಆರಂಭವಾದ ಈ ಸಂಗ್ರಹ 1982ರಿಂದ ಕೇಂದ್ರದ ಪುರಾತತ್ತ್ವ ಇಲಾಖೆಯ ವಶದಲ್ಲಿದೆ. ಕನ್ನಡ, ಸಂಸ್ಕೃತ, ಅರಬ್ಬಿ, ಪಾರಸಿ ಶಾಸನಗಳು, ಜಿನಬಿಂಬಗಳು, ವೀರಗಲ್ಲುಗಳು, ಆಯುಧಗಳು, ಚೀನಾದ ಪಿಂಗಾಣಿ, ರತ್ನಗಂಬಳಿಗಳು, ಕಿರುಚಿತ್ರಗಳು – ಎಲ್ಲವೂ ಒಂದೇ ಸೂರಿನ ಕೆಳಗೆ ನೆರೆಮನೆಯವರಂತೆ ಕುಳಿತಿವೆ.

ನಮ್ಮ ಜೊತೆಗೆ ಇಬ್ಬರು ಕಾಲೇಜಿನ ವಿದ್ಯಾರ್ಥಿಗಳಿದ್ದರು. ಹುಡುಗನ ಊರು ತಿಕೋಟಾ. ಹುಡುಗಿ ಬಬಲೇಶ್ವರದ ಆಚೆಯ ಒಂದು ಹಳ್ಳಿಯವಳು. ಇಬ್ಬರದೂ ಒಕ್ಕಲು ಮನೆತನ. ಸಾಧನಗಳನ್ನು ಅಂಗಡಿಯಿಂದ ಕೊಳ್ಳದೆ ಮಾಡಿಕೊಂಡೇ ಬರಬೇಕೆಂಬುದು ನಮ್ಮ ಕರಾರು. ಅವುಗಳ ವಿವರವನ್ನು ಮೊದಲು ಹೇಳಿಬಿಡುವೆವು. ಕೇಳುತ್ತಿರುವ ನೀವೂ ನಾಳೆಯೇ ಮಾಡಿಕೊಳ್ಳಬಹುದು.

ಮೊದಲನೆಯದು ಜಾಲರಿಯ ಚೌಕಟ್ಟು. ತಿಕೋಟಾದ ಹುಡುಗನು ಅದನ್ನು ಜೋಳದ ದಂಟಿನಿಂದ ಮಾಡಿ ತಂದಿದ್ದನು. ಡೋಣಿಯ ಸೀಮೆಯ ಮಕ್ಕಳು ದಂಟಿನ ಸಿಪ್ಪೆ ಸೀಳಿ, ಬೆಂಡಿಗೆ ಮುಳ್ಳು ಚುಚ್ಚಿ, ಆಟದ ಬಂಡಿ ಕಟ್ಟುವುದುಂಟು. ಅದೇ ಕೈಚಳಕದಿಂದ ಗೇಣುದ್ದದ ಚೌಕಟ್ಟೊಂದನ್ನು ಕಟ್ಟಿ, ಅಂಗುಲಕ್ಕೊಂದರಂತೆ ಉದ್ದಕ್ಕೂ ಅಡ್ಡಕ್ಕೂ ಕರಿಯ ದಾರವನ್ನು ಬಿಗಿದಿದ್ದನು. ಈ ಜಾಲರಿಯ ಮೂಲಕ ವಸ್ತುವನ್ನು ನೋಡಬೇಕು. ಹಾಳೆಯ ಮೇಲೆ ಅಷ್ಟೇ ಮನೆಗಳನ್ನು ತೆಳುವಾಗಿ ಗೀಚಿಕೊಂಡಿರಬೇಕು. ಮೂರ್ತಿಯ ಭುಜ ಯಾವ ಮನೆಯಲ್ಲಿ ಹೊಕ್ಕು ಯಾವ ಮನೆಯಲ್ಲಿ ಹೊರಟಿತೆಂಬುದನ್ನು ನೋಡಿ ಗುರುತಿಟ್ಟರೆ ಅಳತೆ ತಪ್ಪುವುದಿಲ್ಲ. ಚೌಕಟ್ಟು ಒಮ್ಮೆ ಹತ್ತಿರ, ಒಮ್ಮೆ ದೂರವಾದರೆ ಎಲ್ಲವೂ ಕೆಡುವುದು. ಅದಕ್ಕಾಗಿ ಚೌಕಟ್ಟಿಗೊಂದು ದಾರ ಕಟ್ಟಿ, ಅದರ ಗಂಟನ್ನು ಹಲ್ಲಿನಲ್ಲಿ ಕಚ್ಚಿ, ದಾರವನ್ನು ಬಿಗಿಯಾಗಿ ಹಿಡಿಯಬೇಕು. ನೋಡುವವರಿಗೆ ಇದು ನಗೆಯ ನೋಟ. ಆದರೆ ದೂರವನ್ನು ಕಾಯುವುದಕ್ಕೆ ಇದಕ್ಕಿಂತ ಸುಲಭದ ದಾರಿಯಿಲ್ಲ.

ಎರಡನೆಯದು ಗುಂಡು. ಗೌಂಡಿಗಳು ಗೋಡೆಯ ನೇರ ನೋಡಲು ಇಳಿಬಿಡುತ್ತಾರಲ್ಲ, ಅದರ ಮರಿ. ಒಂದು ದಾರ, ತುದಿಗೊಂದು ಸಣ್ಣ ಕಲ್ಲು. ನಿಂತ ಮೂರ್ತಿ ನಿಜವಾಗಿ ನೇರವಾಗಿ ನಿಂತಿದೆಯೋ, ಒಂದು ಕಡೆಗೆ ಸೊಂಟ ಬಳುಕಿಸಿದೆಯೋ ಎಂಬುದನ್ನು ಈ ದಾರವು ಕೂಡಲೆ ಹೇಳುವುದು.

ಮೂರನೆಯದು ಹುಣಸೆಯ ಇದ್ದಲು. ಇದು ಮೈಸೂರಿನ ಸಾಂಪ್ರದಾಯಿಕ ಚಿತ್ರಕಾರರ ಪೆನ್ಸಿಲು. ಹುಣಸೆಯ ಸಣ್ಣ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿ ತುಂಬಿ, ಬಾಯಿಗೆ ಮಣ್ಣು ಮೆತ್ತಿ, ಬೆಂಕಿಯಲ್ಲಿಡಬೇಕು. ಗಾಳಿಯಾಡದ ಕಾರಣ ಕಡ್ಡಿ ಬೂದಿಯಾಗದೆ ಮೆದುವಾದ ಕರಿಯಾಗುವುದು. ಇದರಿಂದೆಳೆದ ಗೆರೆಯನ್ನು ಬಟ್ಟೆಯ ಚೂರಿನಿಂದ ಒರಸಿಹಾಕಬಹುದು; ತಪ್ಪು ಮಾಡುವವರಿಗೆ ಇದು ದೊಡ್ಡ ಸಮಾಧಾನ.

ನಾಲ್ಕನೆಯದು ಲಾಳದ ಕಡ್ಡಿಯ ಲೇಖನಿ ಮತ್ತು ದೀಪದ ಮಸಿ. ಹುಡುಗನು ಮೊದಲು ದಂಟಿನಿಂದಲೇ ಲೇಖನಿಯನ್ನೂ ಕೆತ್ತಿ ನೋಡಿದನಂತೆ. ಬೆಂಡು ಮಸಿಯನ್ನೆಲ್ಲ ಕುಡಿದು ಎರಡು ಗೆರೆಗೆ ಉಬ್ಬಿಹೋಯಿತು. ಹಳ್ಳದ ದಂಡೆಯ ಪೊಳ್ಳು ಲಾಳದ ಕಡ್ಡಿಯೇ ಸರಿಯೆಂದು ಅವನಜ್ಜ ಹೇಳಿಕೊಟ್ಟನು. ಒಣಗಿದ ಕಡ್ಡಿಯನ್ನು ಓರೆಯಾಗಿ ಕೊಯ್ದು, ತುದಿಯನ್ನು ತೆಳುಮಾಡಿ, ನಡುವೆ ಕೂದಲೆಳೆಯಷ್ಟು ಸೀಳಿದರೆ ಲೇಖನಿ ಸಿದ್ಧ. ಮಸಿಯನ್ನು ಬಬಲೇಶ್ವರದ ಕಡೆಯ ಹುಡುಗಿ ಮಾಡಿದಳು: ಹರಳೆಣ್ಣೆಯ ದೀಪದ ಮೇಲೆ ಮಣ್ಣಿನ ಬಟ್ಟಲನ್ನು ಮಗುಚಿ, ಹತ್ತಿದ ಕಾಡಿಗೆಯನ್ನು ಕೆರೆದು, ಜಾಲಿಯ ಅಂಟಿನ ನೀರಿನಲ್ಲಿ ನುಣ್ಣಗೆ ಅರೆದದ್ದು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಸಂಗ್ರಹಾಲಯದ ಒಳಗೆ ಮಸಿಗೂ ಇದ್ದಲಿಗೂ ಪ್ರವೇಶವಿರಬಾರದು. ಒಂದು ತೊಟ್ಟು ಮಸಿ, ಒಂದು ಚಿಟಿಕೆ ಕರಿ ಏನನ್ನು ಕೆಡಿಸೀತೆಂದು ಹೇಳಬರುವುದಿಲ್ಲ. ಅಲ್ಲಿನ ಅಧಿಕಾರಿಗಳ ಅನುಮತಿ ಪಡೆದು, ಚೌಕಟ್ಟು, ಗುಂಡು, ಸೀಸದ ಕಡ್ಡಿ – ಇಷ್ಟನ್ನೇ ಒಯ್ಯತಕ್ಕದ್ದು. ಇದ್ದಲು ಮತ್ತು ಲೇಖನಿಯ ಕೆಲಸ ಸಂಜೆಗೆ, ಬಿಡಾರದಲ್ಲಿ. ವಸ್ತುವನ್ನು ಮುಟ್ಟುವ ಮಾತಂತೂ ಇಲ್ಲವೇ ಇಲ್ಲ. ಬೆರಳಿನ ಬೆವರು ನೂರು ವರ್ಷದಲ್ಲಿ ಮಾಡುವ ಕೆಲಸವನ್ನು ಉಳಿಯೂ ಮಾಡಲಾರದು.

ಮೊದಲ ದಿನ ನಾವು ಮೂವರೂ ಒಂದು ವೀರಗಲ್ಲಿನ ಮುಂದೆ ಕುಳಿತೆವು. ವೀರಗಲ್ಲಿನ ಸಾಮಾನ್ಯ ಕಟ್ಟಳೆ ನಿಮಗೆ ತಿಳಿದದ್ದೇ: ಕೆಳಗಿನ ಹಂತದಲ್ಲಿ ಕಾಳಗ, ನಡುವಿನ ಹಂತದಲ್ಲಿ ಮಡಿದ ವೀರನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲಿನ ಹಂತದಲ್ಲಿ ಆತನು ಇಷ್ಟದೈವದ ಸನ್ನಿಧಿಯಲ್ಲಿ ಕುಳಿತಿರುವುದು. ಹೀಗೆಂದು ನಾವು ಪುಸ್ತಕದಲ್ಲಿ ಓದಿದ್ದೆವು, ಇತರರಿಗೆ ಹೇಳಿಯೂ ಇದ್ದೆವು. ಆ ಹೆಮ್ಮೆಯಿಂದಲೇ ನಾವು ಅಪ್ಸರೆಯ ಚಾಮರದಿಂದ ಗೆರೆ ಆರಂಭಿಸಿದೆವು. ಅರ್ಧ ಗಂಟೆಯಲ್ಲಿ ಚಾಮರ ಮುಗಿಯಿತು, ಬಳೆ ಮುಗಿಯಿತು, ಮುಡಿ ಮುಗಿಯಿತು. ವೀರನಿಗೆ ಹಾಳೆಯಲ್ಲಿ ಸ್ಥಳವೇ ಉಳಿಯಲಿಲ್ಲ. ಹುಡುಗಿ ಪಕ್ಕದಿಂದ ಇಣಿಕಿ ನೋಡಿ, ಗೌರವಕ್ಕಾಗಿ ನಗೆಯನ್ನು ತಡೆದುಕೊಂಡಳು.

ಅವಳು ಮಾಡಿದ್ದೇ ಬೇರೆ. ರಂಗೋಲಿಗೆ ಮೊದಲು ಚುಕ್ಕಿಯಿಡುವವರ ಮನೆಯವಳಲ್ಲವೆ? ಕಲ್ಲಿನ ನಾಲ್ಕು ಮೂಲೆ, ಹಂತಗಳ ಎರಡು ಅಡ್ಡಪಟ್ಟಿ, ಮೂರು ಹಂತದಲ್ಲಿಯೂ ವೀರನ ತಲೆ ಮತ್ತು ಪಾದ – ಇಷ್ಟಕ್ಕೆ ಚುಕ್ಕಿಯಿಟ್ಟು, ತಲೆಯಿಂದ ಪಾದಕ್ಕೆ ಒಂದೊಂದೇ ಗೆರೆಯನ್ನೆಳೆದಳು. ಮೂರು ವೀರರಿಗೆ ಮೂರೇ ಗೆರೆ. ಆ ಹಾಳೆಯನ್ನು ನೋಡಿದಾಗ ನಾವು ಪುಸ್ತಕದಲ್ಲಿ ಓದಿಯೂ ಅರಿಯದಿದ್ದ ಸಂಗತಿಯೊಂದು ಕಣ್ಣಿಗೆ ಬಿತ್ತು. ಕೆಳಗಿನ ಗೆರೆ ಗಾಳಿಗೆ ಸಿಕ್ಕ ಮರದಂತೆ ಓರೆ. ನಡುವಿನ ಗೆರೆ ಗುಂಡಿನ ದಾರದಂತೆ ನೇರ. ಮೇಲಿನ ಗೆರೆ ಗಿಡ್ಡಾಗಿ, ಕುಳಿತು, ನಿಶ್ಚಲವಾಗಿದೆ. ಹೆಣಗಾಟ, ಬಿಡುಗಡೆ, ವಿಶ್ರಾಂತಿ. ಕೆತ್ತಿದ ಓಜನು ಕಥೆಯನ್ನು ಮುಖಗಳಲ್ಲಿ ಹೇಳಿರಲಿಲ್ಲ. ಮುಖಗಳು ಸವೆದೇ ಹೋಗಿದ್ದವು. ಮೈಯ ಓಟದಲ್ಲಿ ಹೇಳಿದ್ದನು. ಆ ಓಟ ಸವೆದಿರಲಿಲ್ಲ. ಮುಖ್ಯವಾದ ಗೆರೆಯೆಂದರೆ ಇದು. ಎಲ್ಲವೂ ಅಳಿದ ಮೇಲೂ ಯಾವುದು ಉಳಿದರೆ ಆ ವಸ್ತು ಅದೇ ವಸ್ತುವಾಗಿರುವುದೋ ಅದು.

ಎರಡನೆಯ ದಿನ ಅಕ್ಷರಗಳ ಪಾಳಿ. ಕನ್ನಡದ ಶಾಸನವೊಂದನ್ನೂ ಪಾರಸಿಯ ಶಾಸನವೊಂದನ್ನೂ ಆರಿಸಿಕೊಂಡೆವು. ಸಂಜೆ ಬಿಡಾರದಲ್ಲಿ ಮಸಿಯಿಂದ ತಿದ್ದಲು ಕುಳಿತಾಗ, ಒಂದೇ ಲೇಖನಿಯಿಂದ ಎರಡೂ ಬರುವುದಿಲ್ಲವೆಂದು ತಿಳಿಯಿತು. ಪಾರಸಿ ಅಕ್ಷರದಲ್ಲಿ ಗೆರೆ ಒಮ್ಮೆ ದಪ್ಪ, ಒಮ್ಮೆ ತೆಳುವು. ಅಗಲವಾದ ಓರೆತುದಿಯ ಲೇಖನಿಯನ್ನು ಒಂದೇ ಕೋನದಲ್ಲಿ ಹಿಡಿದಾಗ ತಾನಾಗಿ ಹುಟ್ಟುವ ಭೇದ ಅದು. ಅಲ್ಲಿಯ ಲಿಪಿಕಾರರು ಲೇಖನಿಯ ತುದಿಯಿಂದ ಒತ್ತಿದ ಚುಕ್ಕಿಯನ್ನೇ ಅಳತೆಗೋಲಾಗಿ ಮಾಡಿಕೊಂಡು, ಅಲಿಫಿನ ಎತ್ತರ ಇಷ್ಟು ಚುಕ್ಕಿಯೆಂದು ಲೆಕ್ಕವಿಡುವರು. ಕಲ್ಲಿನ ಮೇಲಿದ್ದರೂ ಆ ಬರಹ ಲಾಳದ ಕಡ್ಡಿಯ ಮಗು. ನಮ್ಮ ಕನ್ನಡದ ಅಕ್ಷರವಾದರೋ ಸಮನಾದ ಗೆರೆಯಲ್ಲಿ ದುಂಡಗೆ ಸುತ್ತುವುದು; ಅದಕ್ಕೆ ಮೊನೆಯನ್ನು ಮೊಂಡುಮಾಡಿದ ಬೇರೊಂದು ಲೇಖನಿ ಬೇಕಾಯಿತು. ಒಂದು ಚಾಕು, ಎರಡು ಕೊಯ್ತ. ಒಂದೇ ನೆಲದಲ್ಲಿ ಬಾಳಿದ ಎರಡು ಬರವಣಿಗೆಗಳ ಸ್ವಭಾವ ಕೈಗೆ ಸಿಕ್ಕಿತು. ಮರುದಿನ ಮುಂಜಾನೆ ಇಬ್ರಾಹಿಂ ರೋಜಾಕ್ಕೆ ಹೋಗಿ, ಕಲ್ಲನ್ನು ಅಕ್ಷರದಾಕಾರದಲ್ಲಿ ಕೊರೆದು ಮಾಡಿದ ಕಿಟಕಿಗಳನ್ನು ನೋಡಿದಾಗ, ತಿಕೋಟಾದ ಹುಡುಗನು ಬಹಳ ಹೊತ್ತು ಮಾತಾಡಲಿಲ್ಲ. ಅಲ್ಲಿ ಗೆರೆಯೆಳೆದದ್ದು ಬೆಳಕು.

ಕಿರುಚಿತ್ರಗಳನ್ನು ಕುರಿತು ಒಂದೇ ಮಾತು. ದಖ್ಖಣದ ಆಸ್ಥಾನಚಿತ್ರಗಳಲ್ಲಿ ನವಿರಾದ ಬಿಳಿಯ ಅಂಗಿ ಪಾದದವರೆಗೆ ಇಳಿದಿರುವುದೂ, ಅದರ ಒಳಗಿನಿಂದ ಇಜಾರದ ಬಣ್ಣ ಮಸುಕಾಗಿ ಕಾಣುವುದೂ ಉಂಟು. ಗೆರೆ ತೆಗೆಯಹೋದವನಿಗೆ ಅಲ್ಲಿ ಒಂದಲ್ಲ, ಎರಡು ಹೊರಗೆರೆಗಳಿವೆಯೆಂದು ತಿಳಿಯುವುದು: ಬಟ್ಟೆಯದೊಂದು, ಮೈಯದೊಂದು. ಅಂಥ ಗೆರೆಗಳನ್ನು ಆಸ್ಥಾನದ ಚಿತ್ರಕಾರರೂ ಕೈಯಿಂದ ಮಾಡಿಕೊಂಡ ಸಾಧನದಿಂದಲೇ ಕಾಪಾಡುತ್ತಿದ್ದರು. ಜಿಂಕೆಯ ತೆಳುವಾದ ಚರ್ಮವನ್ನು ಮೂಲಚಿತ್ರದ ಮೇಲಿಟ್ಟು ಗೆರೆಯನ್ನಿಳಿಸಿ, ಗೆರೆಗುಂಟ ಸೂಜಿಯಿಂದ ಚುಚ್ಚಿ, ಇದ್ದಲಿನ ಪುಡಿಯ ಗಂಟನ್ನು ಮೇಲಿಂದ ತಟ್ಟಿದರೆ ಕೆಳಗಿನ ಕಾಗದದ ಮೇಲೆ ಚುಕ್ಕಿಗಳ ಸಾಲು ಮೂಡುವುದು. ಇದಕ್ಕೆ ಚರ್ಬಾ ಎಂದು ಹೆಸರು. ಗುರುವಿನ ಗೆರೆ ಶಿಷ್ಯನಿಗೆ, ತಂದೆಯದು ಮಗನಿಗೆ ಬಂದದ್ದು ಹೀಗೆ.

ಇಷ್ಟು ಕೇಳಿದ ಮೇಲೆ ನಿಮ್ಮಲ್ಲಿ ಹಲವರು, "ಇಂದು ಪ್ರತಿಯೊಬ್ಬರ ಕೈಯ ದೂರವಾಣಿಯಲ್ಲಿಯೇ ಛಾಯಾಯಂತ್ರವಿದೆ, ಕ್ಷಣದಲ್ಲಿ ಚಿತ್ರ ಸಿಕ್ಕುವಾಗ ದಂಟು, ದಾರಗಳ ಗೊಡವೆ ಏಕೆ?" ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ದಾಖಲೆಗಾಗಿ ಛಾಯಾಚಿತ್ರವೇ ಮೇಲು. ಅದನ್ನು ಮೊದಲು ತೆಗೆಯಿರೆಂದೇ ನಾವೂ ಹೇಳುವೆವು. ಆದರೆ ಯಂತ್ರವು ಎಲ್ಲವನ್ನೂ ಸಮನಾಗಿ ಹಿಡಿಯುವುದು. ಕಲ್ಲಿನ ಗಾಯವನ್ನೂ ಕೆತ್ತನೆಯ ಗೆರೆಯನ್ನೂ ಬೇರೆ ಮಾಡುವುದಿಲ್ಲ. ಕೈಯಾದರೋ ಆರಿಸಲೇಬೇಕು. ಇದು ಉಳಿಯ ಗುರುತೋ ಮಳೆಯ ಗುರುತೋ ಎಂಬ ತೀರ್ಮಾನವಿಲ್ಲದೆ ಒಂದು ಅಂಗುಲ ಗೆರೆಯೂ ಮುಂದೆ ಹೋಗದು. ಆ ತೀರ್ಮಾನವೇ ನೋಟ.

ಪ್ರತಿಗಳ ಪಾಡನ್ನು ಅಜಂತೆಯ ಕಥೆ ಹೇಳುವುದು. 1844ರಿಂದ ರಾಬರ್ಟ್ ಗಿಲ್ಲನು ಅಲ್ಲಿಯ ಭಿತ್ತಿಚಿತ್ರಗಳನ್ನು ವರ್ಷಗಟ್ಟಲೆ ನಕಲುಮಾಡಿದನು. ಅವುಗಳಲ್ಲಿ ಬಹುಪಾಲು 1866ರಲ್ಲಿ ಲಂಡನ್ನಿನ ಸ್ಫಟಿಕಭವನದ ಬೆಂಕಿಗೆ ಆಹುತಿಯಾದವು. ಬಳಿಕ ಮುಂಬಯಿಯ ಕಲಾಶಾಲೆಯ ಗ್ರಿಫಿತ್ಸನೂ ಅವನ ವಿದ್ಯಾರ್ಥಿಗಳೂ ಮತ್ತೆ ನಕಲಿಳಿಸಿದರು. 1885ರಲ್ಲಿ ಅವುಗಳಲ್ಲಿಯೂ ಅನೇಕವು ಸುಟ್ಟವು. ಆದರೂ ಮನುಷ್ಯರು ಬಿಡಲಿಲ್ಲ. 1909ರಿಂದ 1911ರವರೆಗಿನ ಚಳಿಗಾಲಗಳಲ್ಲಿ ಹೆರಿಂಗ್‌ಹ್ಯಾಂ ಎಂಬ ಮಹಿಳೆಯ ನೇತೃತ್ವದಲ್ಲಿ ಮೂರನೆಯ ಬಾರಿ ಕೆಲಸ ನಡೆಯಿತು. ನಂದಲಾಲ ಬಸು ಮುಂತಾದ ತರುಣರ ಆ ತಂಡದಲ್ಲಿ ನಮ್ಮ ಮೈಸೂರಿನ ಕೆ. ವೆಂಕಟಪ್ಪನವರೂ ಇದ್ದರು. ಸುಟ್ಟದ್ದು ಕ್ಯಾನ್ವಾಸು ಮತ್ತು ಬಣ್ಣ. ಆ ಗೋಡೆಗಳ ಮುಂದೆ ಕುಳಿತು ಗೆರೆಯೆಳೆದವರ ಕೈಗೆ ಬಂದ ವಿದ್ಯೆ ಸುಡಲಿಲ್ಲ. ಭಾರತದ ಹೊಸ ಚಿತ್ರಕಲೆಯಲ್ಲಿ ಅದು ಮತ್ತೆ ಕಾಣಿಸಿಕೊಂಡಿತು.

ಇನ್ನು ಕೊನೆಯ ದಿನದ ಸಂಗತಿ. ಹುಡುಗಿ ತನ್ನ ಹಳ್ಳಿಗೆ ನಮ್ಮನ್ನು ಕರೆದೊಯ್ದಳು. ಗುಡಿಯ ಪಕ್ಕದ ಕಟ್ಟೆಯ ಮೇಲೆ ಒಂದು ವೀರಗಲ್ಲು ನಿಂತಿತ್ತು. ಈ ಸೀಮೆಯ ಹಳ್ಳಿಹಳ್ಳಿಗಳಲ್ಲಿ ಇಂಥ ಕಲ್ಲುಗಳಿವೆ; ಸೂರಿಲ್ಲದ, ಕಾವಲಿಲ್ಲದ ಸಂಗ್ರಹಾಲಯವದು. ಊರವರು ಭಕ್ತಿಯಿಂದ ವರ್ಷವರ್ಷವೂ ಆ ಕಲ್ಲಿಗೆ ಎಣ್ಣೆಬಣ್ಣ ಹಚ್ಚುತ್ತ ಬಂದಿದ್ದರು. ಕೆಂಪಿನ ಮೇಲೆ ಹಳದಿ, ಹಳದಿಯ ಮೇಲೆ ಮತ್ತೆ ಕೆಂಪು. ಕೆತ್ತನೆಯೆಲ್ಲ ಮೇಣದ ಬೊಂಬೆಯಂತೆ ಕರಗಿ ಉಬ್ಬಿತ್ತು. ಹುಡುಗನು ಕಾಗದ ಹಾಸಿ ಇದ್ದಲಿನಿಂದ ಉಜ್ಜಿ ತೆಗೆಯೋಣವೆಂದನು. ನಾವು ತಡೆದೆವು. ಒದ್ದೆಕಾಗದವನ್ನು ಬಡಿದು ಶಾಸನದ ಅಚ್ಚು ತೆಗೆಯುವುದು ಕಲಿತವರ ಕೆಲಸ; ಅಪ್ಪಣೆಯಿಲ್ಲದೆ, ಅಭ್ಯಾಸವಿಲ್ಲದೆ ಮಾಡಿದರೆ ಸಡಿಲಾದ ಪದರು ಕೈಯೊಡನೆ ಎದ್ದುಬರುವುದು. ಹುಡುಗಿ ಚೌಕಟ್ಟನ್ನು ಹಿಡಿದು, ದಾರ ಕಚ್ಚಿ, ಕಾಣುವಷ್ಟನ್ನು ತೆಗೆದಳು. ವೀರನ ಮೈ ಓರೆಯಾಗಿತ್ತು, ಬಲಗೈ ಮೇಲೆತ್ತಿತ್ತು. ಕೈಯಲ್ಲಿ ಏನಿತ್ತು? ಬಣ್ಣದ ಉಂಡೆಯಲ್ಲದೆ ಬೇರೇನೂ ಕಾಣದು.

ಅಷ್ಟರಲ್ಲಿ ಅವಳ ಅಜ್ಜಿ ಬಂದು ಕಟ್ಟೆಯ ಮೇಲೆ ಕುಳಿತರು. ಮೊಮ್ಮಗಳ ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, "ಕತ್ತಿ ಯಾಕ ಬಿಟ್ಟಿ ಯವ್ವಾ?" ಎಂದರು. "ಅಲ್ಲೇನೂ ಕಾಣೂದಿಲ್ಲಬೇ ಆಯಿ" ಎಂದಳು ಹುಡುಗಿ. "ನಾ ಈ ಊರಿಗೆ ಸೊಸಿಯಾಗಿ ಬಂದಾಗ ಕತ್ತಿ ಇತ್ತು. ಹಿಂಗ ಬಾಗಿತ್ತು. ದಿನಾ ನೀರ ಹಾಕಾಕ ಬರತಿದ್ನೆಲ್ಲ, ನನ್ನ ಕಣ್ಣಿಲೆ ನೋಡೀನಿ," ಎಂದು ಮುದುಕಿ ಗಾಳಿಯಲ್ಲಿ ಬೆರಳಿನಿಂದ ಒಂದು ಗೆರೆ ಎಳೆದು ತೋರಿಸಿದರು.

ಶ್ರೋತೃಗಳೇ, ನೂರಾರು ಮಳೆಗಾಲ ತಡೆದ ಕತ್ತಿ ಒಬ್ಬ ಹೆಣ್ಣುಮಗಳ ಒಂದು ಆಯುಷ್ಯದಲ್ಲಿ ಕಣ್ಮರೆಯಾಯಿತು. ಯಾರೂ ಕದಿಯಲಿಲ್ಲ, ಯಾರೂ ಒಡೆಯಲಿಲ್ಲ. ಪ್ರೀತಿಯಿಂದಲೇ ಮುಚ್ಚಿದರು. ಆ ಬಾಗಿದ ಗೆರೆ ಉಳಿದಿದ್ದುದು ಆ ಬೆರಳಿನ ತುದಿಯಲ್ಲಿ ಮಾತ್ರ.

ಪುರಾತತ್ತ್ವದ ನಕ್ಷೆಗಳಲ್ಲಿ ಒಂದು ಪ್ರಾಮಾಣಿಕವಾದ ರೂಢಿಯುಂಟು: ಕಣ್ಣಿಗೆ ಕಂಡದ್ದಕ್ಕೆ ತುಂಬುಗೆರೆ, ಕಾಣದೆ ಊಹಿಸಿದ್ದಕ್ಕೆ ಚುಕ್ಕಿಗೆರೆ. ಆ ಸಂಜೆ ದೀಪದ ಮುಂದೆ ಹುಡುಗಿ ಲಾಳದ ಲೇಖನಿಯಿಂದ ವೀರನ ಮೈಯನ್ನು ತುಂಬುಗೆರೆಯಲ್ಲಿ ತಿದ್ದಿದಳು. ಕತ್ತಿಯನ್ನು ಅಜ್ಜಿ ತೋರಿಸಿದ ಬಾಗಿನಲ್ಲಿ ಚುಕ್ಕಿಚುಕ್ಕಿಯಾಗಿ ಇಟ್ಟಳು. ಕೆಳಗೆ ದಿನಾಂಕ ಬರೆದು, ಚುಕ್ಕಿಗೆರೆಯು ಅಜ್ಜಿಯ ನೆನಪಿನಿಂದ ಎಂದು ಕಾಣಿಸಿದಳು. ಅವಳ ಹಾಳೆಯಲ್ಲಿ ಕೈ ನಡುಗಿದ ತಾಣಗಳಿದ್ದವು, ಮಸಿ ಹರಡಿದ ತಾಣಗಳಿದ್ದವು. ಆದರೆ ಯಾವುದು ಸಾಕ್ಷ್ಯ, ಯಾವುದು ಸ್ಮೃತಿ ಎಂಬುದರಲ್ಲಿ ಕಲಬೆರಕೆಯಿರಲಿಲ್ಲ.

ನಮ್ಮ ವಿನಂತಿ ದೊಡ್ಡದಲ್ಲ. ಮುಂದಿನ ಸಲ ಯಾವುದೇ ಸಂಗ್ರಹಾಲಯಕ್ಕೆ ಹೋದಾಗ ಎಲ್ಲ ಕೋಣೆಗಳನ್ನೂ ಸುತ್ತಬೇಡಿ. ಒಂದು ವಸ್ತುವಿನ ಮುಂದೆ ಒಂದು ಗಂಟೆ ಕುಳಿತುಕೊಳ್ಳಿ. ನಾಲ್ಕು ದಂಟಿನ ಚೌಕಟ್ಟು, ಒಂದು ಮೊಳ ದಾರ, ಒಂದು ಕಲ್ಲು, ಒಂದು ಹಾಳೆ ಸಾಕು. ನಿಮ್ಮ ಊರ ಗುಡಿಯ ಮುಂದಿನ ಕಲ್ಲನ್ನೂ ಹಾಗೆಯೇ ಒಮ್ಮೆ ನೋಡಿ. ಅದನ್ನು ಕಂಡಿದ್ದ ಹಿರಿಯರು ಇನ್ನೂ ಕಟ್ಟೆಯ ಮೇಲೆ ಬಂದು ಕೂಡುವಷ್ಟರಲ್ಲಿ ಅವರನ್ನು ಕೇಳಿ. ಬಣ್ಣ ಹಚ್ಚುವವರಿಗೆ ಮೆಲುದನಿಯಲ್ಲಿ ಈ ಕತ್ತಿಯ ಕಥೆಯನ್ನು ಹೇಳಿ. ಗೆರೆ ಸೊಟ್ಟಗಾದರೆ ನಾಚಬೇಕಾದುದಿಲ್ಲ. ನಮ್ಮ ಮೊದಲ ಹಾಳೆಯಲ್ಲಿ ಚಾಮರವಿತ್ತು, ವೀರನೇ ಇರಲಿಲ್ಲ. ಆ ಹಾಳೆಯನ್ನು ನಾವು ಇನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದೇವೆ.